ನಿಮ್ಮ ಪ್ರಶ್ನೆ, ತಜ್ಞರ ಉತ್ತರ: ಕ್ಯಾನ್ಸರ್ ಕೋಶದ ಸಂಕೇತ ತಡೆಯುವ ಔಷಧಗಳು

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬಂದಿವೆ. ಬಹುತೇಕ ಎಲ್ಲವೂ 'ಟಾರ್ಗೆಟೆಡ್' ಔಷಧಗಳ ಬಗ್ಗೆ. ಜೀವಕೋಶಕ್ಕೆ 'ಬೆಳೆ, ಒಡೆದು ಎರಡಾಗು' ಎಂದು ಹೇಳುವ ಸಂಕೇತವನ್ನೇ ತಡೆಯುವ ಮದ್ದುಗಳಿವು. ತಡೆಯಬೇಕಾದ ಸಂಕೇತ ಆ ಗಡ್ಡೆಯಲ್ಲಿ ನಿಜವಾಗಿಯೂ ಇದೆಯೇ, ಇದ್ದರೆ ಅದನ್ನು ಎಡೆಬಿಡದೆ ತಡೆಯುತ್ತಿದ್ದೇವೆಯೇ ಎಂಬ ಎರಡು ಮಾತುಗಳ ಮೇಲೆ ಇವುಗಳ ಫಲ ನಿಂತಿದೆ.

ಪ್ರಶ್ನೆ: ನಮ್ಮ ಅಣ್ಣನಿಗೆ 38 ವರ್ಷ. ಹೋದ ವರ್ಷ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಇಮ್ಯಾಟಿನಿಬ್ 400 ದಿನಕ್ಕೊಂದು ಗುಳಿಗೆ ಕೊಟ್ಟಿದ್ದಾರೆ. ಮೂರು ತಿಂಗಳಲ್ಲೇ ರಕ್ತದ ಕಣಗಳ ಲೆಕ್ಕ ಸರಿಯಾಯಿತು, ಈಗ ಗದ್ದೆಗೂ ಹೋಗುತ್ತಾನೆ. "ಆರಾಮ ಅದೀನಲ್ಲ, ಮತ್ಯಾಕ ಗುಳಿಗಿ" ಅಂತ ವಾರಕ್ಕೆ ಎರಡು ದಿನ ಬಿಡುತ್ತಾನೆ. ಮೂರು ತಿಂಗಳಿಗೊಮ್ಮೆ ಮಾಡಿಸುವ ದುಬಾರಿ ರಕ್ತಪರೀಕ್ಷೆಯೂ ಬೇಡ ಅನ್ನುತ್ತಾನೆ. ಏನು ಹೇಳಬೇಕು?
— ಸಿಂಧನೂರು ತಾಲ್ಲೂಕಿನ ಓದುಗರು

ಉತ್ತರ: ಒಂದು ದಿನವೂ ಬಿಡಬಾರದು ಎಂದು ಹೇಳಿ. ಕಾರಣವನ್ನೂ ಬಿಡಿಸಿ ಹೇಳಿ. ಬರೀ ಹೆದರಿಸಿದರೆ ನಾಲ್ಕು ದಿನ ಕೇಳಿ, ಮತ್ತೆ ಬಿಡುತ್ತಾರೆ.

ಈ ಕಾಯಿಲೆಯಲ್ಲಿ ರಕ್ತದ ಮೂಲಕೋಶವೊಂದರ 9ನೇ ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗುತ್ತವೆ. ಹಾಗೆ ಮೊಟಕಾದ 22ನೇ ವರ್ಣತಂತುವನ್ನು ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ 1960ರಲ್ಲಿ ಗುರುತಿಸಿದರು. ಅದು ಅದಲುಬದಲಿನ ಫಲವೆಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಬೆಸೆದ ಜಾಗದಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಪ್ರೋಟೀನ್ ಹುಟ್ಟುತ್ತದೆ. ಅದೊಂದು ಕೈನೇಸ್, ಎಂದರೆ ಎಟಿಪಿ ಎಂಬ ಕೋಶದ ಶಕ್ತಿಯ ಅಣುವಿನಿಂದ ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನುಗಳಿಗೆ ಅಂಟಿಸುವ ಕಿಣ್ವ. ಸಾಮಾನ್ಯ ಎಬಿಎಲ್ ಬೇಕಾದಾಗ ಮಾತ್ರ ಈ ಕೆಲಸ ಮಾಡುತ್ತದೆ, ಬೆಸೆದುಕೊಂಡದ್ದು ಹಗಲೂ ರಾತ್ರಿ ಮಾಡುತ್ತದೆ. ಇಮ್ಯಾಟಿನಿಬ್ ಹೋಗಿ ಎಟಿಪಿ ಕೂರುವ ಜಾಗದಲ್ಲೇ ಕೂರುತ್ತದೆ. ಗುಳಿಗೆ ಬಿಟ್ಟರೆ ಒಂದೆರಡು ದಿನದಲ್ಲಿ ಆ ಜಾಗ ಖಾಲಿಯಾಗಿ ಸಂಕೇತ ಮತ್ತೆ ಶುರುವಾಗುತ್ತದೆ.

ವಾರಕ್ಕೆ ಎರಡು ದಿನ ಎಂದರೆ ನೂರಕ್ಕೆ 28 ಭಾಗ ಮದ್ದು ಹೋದಂತೆ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಗುಳಿಗೆ ಸೇವನೆಯನ್ನೇ ಅಳೆಯಿತು. ಶೇ. 90ಕ್ಕಿಂತ ಹೆಚ್ಚು ಗುಳಿಗೆ ನುಂಗಿದವರು ಆರು ವರ್ಷದಲ್ಲಿ ಉತ್ತಮ ಅಣುಮಟ್ಟದ ಫಲ (ರಕ್ತದಲ್ಲಿ ಬಿಸಿಆರ್-ಎಬಿಎಲ್ ಶೇ. 0.1ಕ್ಕೆ ಇಳಿಯುವುದು) ಕಾಣುವ ಸಾಧ್ಯತೆ ಶೇ. 94.5. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಶೇ. 28.4. ತಿಂಗಳಿಗೆ ಮೂರು ಗುಳಿಗೆ ತಪ್ಪಿದರೆ ಈ ಗೆರೆಗೆ ಬಂದು ನಿಂತಿರುತ್ತೀರಿ.

ಕಣಗಳ ಲೆಕ್ಕ ಸರಿಯಿದ್ದರೂ ರೋಗದ ಕೋಶಗಳು ಕೋಟಿಗಟ್ಟಲೆ ಉಳಿದಿರುತ್ತವೆ. ಅವನ್ನು ಕಾಣಿಸುವುದು ಬಿಸಿಆರ್-ಎಬಿಎಲ್ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾತ್ರ. ಅಂತರರಾಷ್ಟ್ರೀಯ ಮಾಪಕದಲ್ಲಿ 3 ತಿಂಗಳಿಗೆ ಶೇ. 10, 6 ತಿಂಗಳಿಗೆ ಶೇ. 1, 12 ತಿಂಗಳಿಗೆ ಶೇ. 0.1 ಅಥವಾ ಅದಕ್ಕಿಂತ ಕೆಳಗೆ ಇಳಿದಿರಬೇಕು. ಇಳಿಯದಿದ್ದರೆ ವೈದ್ಯರು ಮೊದಲು ಕೇಳುವುದು ಗುಳಿಗೆ ತಪ್ಪಿತೇ ಎಂದು, ಆಮೇಲೆ ಮ್ಯುಟೇಶನ್ ಪರೀಕ್ಷೆ. ಟಿ315ಐ ಎಂಬ ಬದಲಾವಣೆ ಬಂದಿದ್ದರೆ ಇಮ್ಯಾಟಿನಿಬ್ ಆ ಜಾಗಕ್ಕೆ ಹಿಡಿಸುವುದೇ ಇಲ್ಲ. ಡಾಸಾಟಿನಿಬ್, ನಿಲೋಟಿನಿಬ್ ಕೂಡ ನಾಟುವುದಿಲ್ಲ. ಪೊನಾಟಿನಿಬ್ ಅಥವಾ ಆಸ್ಕಿಮಿನಿಬ್ ಬೇಕಾಗುತ್ತದೆ.

ರಕ್ತ ಕಳಿಸುವುದರಲ್ಲಿ ನಮ್ಮ ಕಡೆ ಬಹಳ ಎಡವಟ್ಟಾಗುತ್ತದೆ. ಪರೀಕ್ಷೆ ಅಳೆಯುವುದು ಆರ್‌ಎನ್‌ಎಯನ್ನು, ಅದು ಬಿಸಿಗೆ ಬೇಗ ಹಾಳಾಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ರಕ್ತ ತೆಗೆದು ಸಂಜೆಯ ತನಕ ಮೇಜಿನ ಮೇಲಿಟ್ಟು ರಾತ್ರಿ ಬಸ್ಸಿಗೆ ಹಾಕಿದರೆ ಫಲಿತಾಂಶ ನಂಬುವಂತಿಲ್ಲ. ನೇರಳೆ ಮುಚ್ಚಳದ ಇಡಿಟಿಎ ಕೊಳವೆಗಳಲ್ಲಿ ಸುಮಾರು 10 ಮಿ.ಲೀ. ರಕ್ತ ತೆಗೆಸಿ, ಕೂಡಲೇ 2ರಿಂದ 8 ಡಿಗ್ರಿಯ ಪೆಟ್ಟಿಗೆಯಲ್ಲಿ ಇಡಿಸಿ. ಕೊಳವೆಗೂ ಐಸ್‌ಪ್ಯಾಕಿಗೂ ನಡುವೆ ದಪ್ಪ ಬಟ್ಟೆ ಇರಲಿ, ರಕ್ತ ಹೆಪ್ಪುಗಟ್ಟಿ ಮಂಜಾಗಬಾರದು. 24 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು, ಹೆಚ್ಚೆಂದರೆ 48. ವರದಿ ಬಂದಾಗ ಶೇಕಡಾವಾರು ಒಂದನ್ನೇ ನೋಡಬೇಡಿ, ಕಂಟ್ರೋಲ್ ಜೀನ್ ಎಬಿಎಲ್‌ನ ಪ್ರತಿಗಳೆಷ್ಟು ಎಂದೂ ನೋಡಿ. ಅದು 10,000ಕ್ಕಿಂತ ಕಡಿಮೆಯಿದ್ದರೆ 'ಕಂಡುಬಂದಿಲ್ಲ' ಎಂಬ ಮಾತಿಗೆ ಬೆಲೆಯಿಲ್ಲ, ಮತ್ತೆ ರಕ್ತ ಕೊಡಬೇಕು.

ಗುಳಿಗೆಯನ್ನು ಹೊಟ್ಟೆ ತುಂಬ ಉಂಡ ಮೇಲೆ, ದೊಡ್ಡ ಲೋಟದ ನೀರಿನೊಂದಿಗೆ ನುಂಗಲಿ. ಬರಿಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ, ಬಹಳ ಜನ ಬಿಡುವುದು ಅದಕ್ಕೇ. ಕಣ್ಣಿನ ಸುತ್ತ ಬಾವು, ಮೀನಖಂಡದ ಸೆಳೆತ ಸಾಮಾನ್ಯ, ವೈದ್ಯರಿಗೆ ಹೇಳಿದರೆ ಪರಿಹಾರವಿದೆ. ಮರೆತಿದ್ದು ಅದೇ ದಿನ ನೆನಪಾದರೆ ನುಂಗಬಹುದು, ಮರುದಿನ ಎರಡು ನುಂಗಬಾರದು. ಮೂರ್ಛೆರೋಗಕ್ಕೆ ಫೆನಿಟಾಯಿನ್, ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಇಮ್ಯಾಟಿನಿಬ್ ರಕ್ತದಲ್ಲಿ ಇಳಿದುಬಿಡುತ್ತದೆ, ಮೊದಲೇ ತಿಳಿಸಿ. ಈ ಗುಳಿಗೆ ಇಲ್ಲಿ ಕೈಗೆಟಕುವ ದರಕ್ಕೆ ಸಿಗುತ್ತಿರುವುದರ ಹಿಂದೆ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿ ಕೊಟ್ಟ ತೀರ್ಪಿದೆ. ಸಿಗುತ್ತಿರುವಾಗ ಕೈಬಿಡುವುದು ತರವಲ್ಲ.

ಜೀವನವಿಡೀ ನುಂಗಬೇಕೇ ಎಂದು ಅಣ್ಣ ಕೇಳಿದರೆ ದಾರಿಯಿದೆ ಎನ್ನಿ. ಕನಿಷ್ಠ ಮೂರು ವರ್ಷ, ಮೇಲಾಗಿ ಐದು ವರ್ಷ ಔಷಧ ನಡೆದು, ಶೇ. 0.01ಕ್ಕಿಂತ ಕೆಳಗಿನ ಮಟ್ಟ ಎರಡು ವರ್ಷವಾದರೂ ನಿಂತಿದ್ದರೆ ವೈದ್ಯರೇ ನಿಲ್ಲಿಸಿ ನೋಡುತ್ತಾರೆ. ಮೊದಲ ಆರು ತಿಂಗಳು ತಿಂಗಳಿಗೊಮ್ಮೆ ಪರೀಕ್ಷೆ ಕಡ್ಡಾಯ, ಏಕೆಂದರೆ ಸುಮಾರು ಅರ್ಧ ಜನರಲ್ಲಿ ರೋಗ ಮರಳುತ್ತದೆ. ಆ ಬಾಗಿಲು ತೆರೆಯುವುದು ಈಗ ಬಿಡದೆ ನುಂಗಿದವರಿಗೆ ಮಾತ್ರ.

ಪ್ರಶ್ನೆ: ಅವ್ವನ ಎದೆಯ ಗಂಟನ್ನು ಊರಲ್ಲೇ ತೆಗೆಸಿದೆವು. ವರದಿಯಲ್ಲಿ 'ಹರ್-2: 2+' ಎಂದಿದೆ. ಒಬ್ಬ ವೈದ್ಯರು ಇಂಜೆಕ್ಷನ್ ಬೇಕು ಅನ್ನುತ್ತಾರೆ, ಇನ್ನೊಬ್ಬರು ಇನ್ನೊಂದು ಪರೀಕ್ಷೆ ಅನ್ನುತ್ತಾರೆ. ಗಂಟನ್ನು ಡಬ್ಬಿಗೆ ಹಾಕಿದ ರೀತಿ ಸರಿ ಇರಲಿಲ್ಲ ಅಂತಲೂ ಹೇಳಿದರು.
— ಗಂಗಾವತಿಯ ಓದುಗರು

ಉತ್ತರ: ಇನ್ನೊಂದು ಪರೀಕ್ಷೆ ಎಂದವರ ಮಾತು ಸರಿ. ಹರ್-2 ಎಂಬುದು ಕೋಶದ ಮೇಲ್ಪದರದಲ್ಲಿದ್ದು ಬೆಳವಣಿಗೆಯ ಸಂಕೇತವನ್ನು ಒಳಗೆ ದಾಟಿಸುವ ಗ್ರಾಹಿ. ಬಣ್ಣ ಹಾಕಿ ನೋಡುವ ಐಎಚ್‌ಸಿ ಪರೀಕ್ಷೆಯಲ್ಲಿ 0 ಮತ್ತು 1+ ಎಂದರೆ ನೆಗೆಟಿವ್, 3+ ಎಂದರೆ ಪಾಸಿಟಿವ್. 2+ ಎಂದರೆ ತೀರ್ಮಾನವಾಗಿಲ್ಲ ಎಂದರ್ಥ. ಆಗ ಫಿಶ್ ಪರೀಕ್ಷೆಯಲ್ಲಿ ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ. 17ನೇ ವರ್ಣತಂತುವಿನ ಗುರುತಿಗೆ ಹೋಲಿಸಿ ಹರ್-2 ಅನುಪಾತ 2.0 ಅಥವಾ ಹೆಚ್ಚು, ಕೋಶವೊಂದಕ್ಕೆ ಸರಾಸರಿ 4 ಅಥವಾ ಹೆಚ್ಚು ಪ್ರತಿಗಳಿದ್ದರೆ ಪಾಸಿಟಿವ್. ಪಾಸಿಟಿವ್ ಅಲ್ಲದವರಿಗೆ ಹರ್-2 ತಡೆಯುವ ಇಂಜೆಕ್ಷನ್ ಟ್ರಾಸ್ಟುಜುಮ್ಯಾಬ್ ಕೊಟ್ಟರೆ ಖರ್ಚೂ ದಂಡ, ಹೃದಯಕ್ಕೂ ಸುಮ್ಮನೆ ತೊಂದರೆ.

ಹೊಸದಾಗಿ ಗಂಟು ತೆಗೆಯಬೇಕಿಲ್ಲ. ಮೇಣದ ಅಚ್ಚಿನಲ್ಲಿ ಕೂರಿಸಿದ 'ಬ್ಲಾಕ್' ಲ್ಯಾಬಿನಲ್ಲಿರುತ್ತದೆ, ಅರ್ಜಿ ಕೊಟ್ಟು ಬ್ಲಾಕ್ ಮತ್ತು ಸ್ಲೈಡು ಎರಡನ್ನೂ ಪಡೆಯಿರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.

ಡಬ್ಬಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ, ನರ್ಸಿಂಗ್ ಹೋಮ್ ನಡೆಸುವವರೂ ಓದಲಿ. ಅಂಗಡಿಯಲ್ಲಿ ಸಿಗುವ ಫಾರ್ಮಾಲಿನ್ ಶೇ. 37ರಿಂದ 40ರ ದ್ರಾವಣ. ಅದರ 100 ಮಿ.ಲೀ.ಗೆ 900 ಮಿ.ಲೀ. ಡಿಸ್ಟಿಲ್ಡ್ ನೀರು, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ ಸೇರಿಸಿದರೆ ಬೇಕಾದ ಬಫರ್ ಫಾರ್ಮಾಲಿನ್ ಸಿದ್ಧ. ನೀರು ಬೆರೆಸದೆ ಹಾಕಿದರೆ ಹೊರಪದರ ಗಟ್ಟಿಯಾಗಿ ಒಳಗಿನದು ಕೊಳೆಯುತ್ತದೆ. ಬಫರ್ ಇಲ್ಲದಿದ್ದರೆ ದಿನ ಕಳೆದಂತೆ ಆಮ್ಲವಾಗುತ್ತದೆ. ಸ್ಪಿರಿಟ್ಟಿನಲ್ಲೋ ಸಲೈನಿನಲ್ಲೋ ಹಾಕಿದರೆ ಬಣ್ಣದ ಪರೀಕ್ಷೆಯೇ ದಾರಿ ತಪ್ಪಿಸುತ್ತದೆ. ಗಂಟಿನ ಗಾತ್ರದ ಹತ್ತು ಪಟ್ಟು ದ್ರಾವಣ, ಅಗಲ ಬಾಯಿಯ ಡಬ್ಬಿ ಇರಬೇಕು. ಇಂಜೆಕ್ಷನ್ ಬಾಟಲಿಯಂಥ ಸಣ್ಣ ಬಾಯಿಗೆ ಒತ್ತಿ ತುರುಕಿದ ಗಂಟು ಲ್ಯಾಬಿನಲ್ಲಿ ಹೊರಬರುವಾಗ ಹರಿದುಹೋಗುತ್ತದೆ. ಫಾರ್ಮಾಲಿನ್ ಒಳಗಿಳಿಯುವುದು ಗಂಟೆಗೆ ಸುಮಾರು 1 ಮಿ.ಮೀ., ಹಾಗಾಗಿ ದೊಡ್ಡ ಗಂಟನ್ನು 5ರಿಂದ 10 ಮಿ.ಮೀ. ಅಂತರದಲ್ಲಿ ಸೀಳಿ ಇಡಬೇಕು. ದೇಹದಿಂದ ತೆಗೆದ ಒಂದು ಗಂಟೆಯೊಳಗೆ ದ್ರಾವಣಕ್ಕೆ ಬೀಳಬೇಕು, ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ತೆಗೆದ ಹೊತ್ತು, ಹಾಕಿದ ಹೊತ್ತು ಎರಡನ್ನೂ ಚೀಟಿಯ ಮೇಲೆ ಬರೆಯಿರಿ.

ಫಿಶ್ ಪಾಸಿಟಿವ್ ಬಂದರೆ ಟ್ರಾಸ್ಟುಜುಮ್ಯಾಬ್ ಮೊದಲ ಸಲ ಕೆ.ಜಿ.ಗೆ 8 ಮಿ.ಗ್ರಾಂ., ನಂತರ ಮೂರು ವಾರಕ್ಕೊಮ್ಮೆ 6 ಮಿ.ಗ್ರಾಂ., ಒಟ್ಟು ಒಂದು ವರ್ಷ. 50 ಕೆ.ಜಿ. ತೂಕದವರಿಗೆ ಮೊದಲು 400, ಆಮೇಲೆ 300 ಮಿ.ಗ್ರಾಂ. ಹೃದಯದ ಸ್ನಾಯುವಿಗೂ ಇದೇ ಹರ್-2 ಸಂಕೇತ ಬೇಕಾದ್ದರಿಂದ ಶುರು ಮಾಡುವ ಮುಂಚೆ ಮತ್ತು ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಲೇಬೇಕು. ವರದಿಯಲ್ಲಿ ಇಆರ್, ಪಿಆರ್ (ಹಾರ್ಮೋನು ಗ್ರಾಹಿಗಳು) ಏನಿದೆ ಎಂದು ನೀವು ಬರೆದಿಲ್ಲ. ಪಾಸಿಟಿವ್ ಇದ್ದರೆ ಹಾರ್ಮೋನು ತಡೆಯುವ ಗುಳಿಗೆಯೂ ಸೇರುತ್ತದೆ, ಕೇಳಿ.

ಪ್ರಶ್ನೆ: ಅರಿಶಿನ ಕ್ಯಾನ್ಸರ್ ಕೋಶದ ಸಂಕೇತ ತಡೆಯುತ್ತದೆ ಎಂದು ಓದಿದೆ. ಕೀಮೋ ನಡೆಯುವಾಗ ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ?
— ಸಿರುಗುಪ್ಪ

ಉತ್ತರ: ಕ್ಯಾಪ್ಸೂಲ್ ಬೇಡ. ಸಾರು, ಪಲ್ಯದ ಅರಿಶಿನಕ್ಕೆ ಅಡ್ಡಿಯಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಕ್ಕೆ ಕರ್ಕ್ಯುಮಿನ್ ಸುರಿದರೆ ಎನ್‌ಎಫ್-ಕಪ್ಪಾ-ಬಿ ಎಂಬ ಸಂಕೇತ ತಗ್ಗುವುದು ನಿಜ. ಆದರೆ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ತೂಕದ ಸುಮಾರು ಶೇ. 3. ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿಸಿ ನೋಡಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ತಟ್ಟೆಯಲ್ಲಿ ಬಳಸುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ. ಹೀರುವಿಕೆ ಹೆಚ್ಚಲಿ ಎಂದು ಕ್ಯಾಪ್ಸೂಲಿಗೆ ಕಾಳುಮೆಣಸಿನ ಪೈಪರಿನ್ ಸೇರಿಸುತ್ತಾರೆ. ಅದು ಔಷಧ ಕರಗಿಸುವ ಯಕೃತ್ತಿನ ಕಿಣ್ವಗಳನ್ನೂ ತಡೆಯುವುದರಿಂದ ಕೀಮೋ ಮದ್ದು ರಕ್ತದಲ್ಲಿ ಏರಬಹುದು. ಇಂಥ ಕ್ಯಾಪ್ಸೂಲುಗಳಿಂದ ಕಾಮಾಲೆಯಾದ ಪ್ರಕರಣಗಳೂ ದಾಖಲಾಗಿವೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ಹೀಲಾ ಕೋಶಗಳಲ್ಲಿ ಇಜಿಎಫ್ ಕೊಟ್ಟು ಫಾಸ್ಫೋ-ಇಆರ್‌ಕೆ ವೆಸ್ಟರ್ನ್ ಬ್ಲಾಟ್ ಮಾಡುತ್ತಿದ್ದೇನೆ. ಬ್ಯಾಂಡ್ ಒಂದು ಸಲ ಬಂದರೆ ಮೂರು ಸಲ ಬರುವುದಿಲ್ಲ, ಇಜಿಎಫ್ ಕೊಡದ ಕೋಶದಲ್ಲೂ ಕಾಣುತ್ತದೆ. ಹಾಲಿನ ಪುಡಿಯಿಂದ ಬ್ಲಾಕ್ ಮಾಡುತ್ತೇನೆ.
— ಬಳ್ಳಾರಿಯ ವಿದ್ಯಾರ್ಥಿನಿ

ಉತ್ತರ: ಉಳಿದ ಓದುಗರಿಗೆ ಒಂದು ಮಾತು: ಹೀಲಾ ಎಂಬುದು ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್ ಕೋಶ. ಇಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನ್ ಕೊಟ್ಟಾಗ ಕೋಶದೊಳಗಿನ ಇಆರ್‌ಕೆ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ, ವೆಸ್ಟರ್ನ್ ಬ್ಲಾಟ್ ಅದನ್ನು ಬ್ಯಾಂಡಾಗಿ ತೋರಿಸುತ್ತದೆ. ಇಜಿಎಫ್ ಕೊಡದ ಕೋಶದಲ್ಲೂ ಬ್ಯಾಂಡ್ ಕಂಡರೆ ಸೀರಮ್ಮಿನ ಸಂಕೇತ ಇನ್ನೂ ಇಳಿದಿಲ್ಲ. ರಾತ್ರಿಯಿಡೀ ಶೇ. 0.5 ಅಥವಾ ಅದಕ್ಕಿಂತ ಕಡಿಮೆ ಸೀರಮ್ಮಿನಲ್ಲಿಡಿ. ಬೆಳಿಗ್ಗೆ ಮೀಡಿಯಾ ಬದಲಿಸುವುದು, ತಟ್ಟೆ ಕುಲುಕುವುದು ಬೇಡ, ಅಷ್ಟಕ್ಕೇ ಇಆರ್‌ಕೆ ಎದ್ದುಬಿಡುತ್ತದೆ. ಇಜಿಎಫ್ 100 ನ್ಯಾನೋಗ್ರಾಂ/ಮಿ.ಲೀ. ಸಾಕು. ಸಂಕೇತದ ಶಿಖರ 5ರಿಂದ 10 ನಿಮಿಷದಲ್ಲಿ, ಆಮೇಲೆ ಇಳಿಕೆ. ಹಾಗಾಗಿ ಶುರು ಮಾಡುವ ಹೊತ್ತನ್ನು ಹಿಂದುಮುಂದು ಮಾಡಿ, ಎಲ್ಲ ತಟ್ಟೆಗಳನ್ನೂ ಒಟ್ಟಿಗೆ ನಿಲ್ಲಿಸಿ. ಒಂದು ತಟ್ಟೆಗೆ ಅರ್ಧ ಗಂಟೆ ಮುಂಚೆ 10 ಮೈಕ್ರೋಮೋಲಾರ್ ಯು0126 ಕೊಡಿ. ಅದು ಇಆರ್‌ಕೆಯ ಮೇಲಿನ ಎಂಇಕೆಯನ್ನು ತಡೆಯುತ್ತದೆ, ಆ ಲೇನಿನಲ್ಲಿ ಬ್ಯಾಂಡ್ ಬರಬಾರದು. ಡಿಎಂಎಸ್‌ಒ ಎಲ್ಲ ತಟ್ಟೆಗೂ ಸಮ, ಶೇ. 0.1 ಮೀರದಿರಲಿ.

ಬ್ಯಾಂಡ್ ಮಾಯವಾಗುವುದಕ್ಕೆ ಕಾರಣ ಫಾಸ್ಫಟೇಸ್ ಕಿಣ್ವಗಳು. ಕೋಶ ಒಡೆದ ಕ್ಷಣದಿಂದ ಅವು ಫಾಸ್ಫೇಟ್ ಕೀಳತೊಡಗುತ್ತವೆ. ಲೈಸಿಸ್ ಬಫರಿಗೆ 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್, 10 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಆ ಹೊತ್ತಿಗೇ ಸೇರಿಸಿ. ವನಡೇಟನ್ನು ಸಿದ್ಧ ಮಾಡದೆ ಹಾಕುವುದು ಬಹಳ ಲ್ಯಾಬುಗಳಲ್ಲಿ ಆಗುವ ತಪ್ಪು. 200 ಮಿಲಿಮೋಲಾರ್ ದ್ರಾವಣದ ಪಿಎಚ್ 10ಕ್ಕೆ ತಂದರೆ ಹಳದಿಯಾಗುತ್ತದೆ. ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಪಿಎಚ್ ಮತ್ತೆ 10 ಮಾಡಿ. ಹಳದಿ ಮರಳದಿರುವ ತನಕ ಇದನ್ನೇ ಮಾಡಬೇಕು. ಬಫರಿನಲ್ಲಿ ಡಿಟಿಟಿ, ಇಡಿಟಿಎ ಇದ್ದರೆ ವನಡೇಟ್ ಸತ್ವ ಕಳೆದುಕೊಳ್ಳುತ್ತದೆ. ಐಸ್ ಸಾಲದ ಲ್ಯಾಬಾದರೆ ಸುಲಭ ದಾರಿ ಬೇರೆಯಿದೆ. ಮೀಡಿಯಾ ಹೀರಿ ತೆಗೆದು 95 ಡಿಗ್ರಿಯ ಎಸ್‌ಡಿಎಸ್ ಸ್ಯಾಂಪಲ್ ಬಫರನ್ನೇ ತಟ್ಟೆಗೆ ಸುರಿಯಿರಿ, ಎಲ್ಲ ಕಿಣ್ವಗಳೂ ಅಲ್ಲೇ ಸಾಯುತ್ತವೆ. ಡಿಎನ್‌ಎಯಿಂದ ಲೋಳೆಯಾದದ್ದನ್ನು ಸಣ್ಣ ಸೂಜಿಯಲ್ಲಿ ಎಳೆದು ಬಿಟ್ಟು ಸರಿಮಾಡಿ.

ಹಾಲು ಬಿಡಿ. ಹಾಲಿನ ಕೇಸೀನ್ ಸ್ವತಃ ಫಾಸ್ಫೇಟ್ ಹೊತ್ತ ಪ್ರೋಟೀನ್, ಹಿನ್ನೆಲೆ ಕಪ್ಪಾಗುತ್ತದೆ. ಶೇ. 5 ಬಿಎಸ್‌ಎ ಬಳಸಿ, ಪಿಬಿಎಸ್ ಬದಲು ಟಿಬಿಎಸ್-ಟ್ವೀನ್. ಲೇನಿಗೆ 20ರಿಂದ 30 ಮೈಕ್ರೋಗ್ರಾಂ ಪ್ರೋಟೀನ್, ಶೇ. 10ರ ಜೆಲ್, ಪ್ರತಿಕಾಯ 1:1000ದಿಂದ ಶುರುಮಾಡಿ ರಾತ್ರಿಯಿಡೀ 4 ಡಿಗ್ರಿಯಲ್ಲಿ. 42 ಮತ್ತು 44 ಕಿಲೋಡಾಲ್ಟನ್‌ಗಳಲ್ಲಿ ಜೋಡಿ ಬ್ಯಾಂಡ್ ಬರಬೇಕು. ಅದೇ ಬ್ಲಾಟಿನಲ್ಲಿ ಒಟ್ಟು ಇಆರ್‌ಕೆ ತೋರಿಸದಿದ್ದರೆ ಫಾಸ್ಫೋ ಹೆಚ್ಚಾಯಿತು ಎನ್ನುವಂತಿಲ್ಲ. ಎಚ್‌ಆರ್‌ಪಿ ಪ್ರತಿಕಾಯದ ಬಫರಿಗೆ ಅಜೈಡ್ ಹಾಕಬೇಡಿ, ಬ್ಯಾಂಡ್ ಕಾಣಿಸುವ ಆ ಎಚ್‌ಆರ್‌ಪಿ ಕಿಣ್ವ ನಿಂತುಹೋಗುತ್ತದೆ.

ಪ್ರಶ್ನೆ: ಅಪ್ಪನಿಗೆ ಗುಟ್ಕಾದಿಂದ ಬಾಯಿ ಕ್ಯಾನ್ಸರ್. ಆಪರೇಷನ್, ಆಮೇಲೆ ಕರೆಂಟು ಕೊಡಬೇಕು ಅಂದಾರ. ರಕ್ತದ ಕ್ಯಾನ್ಸರಿಗೆ ಗುಳಿಗಿ ಇದ್ದಂಗ ಇದಕ್ಯಾಕ ಇಲ್ಲ?
— ಕುಷ್ಟಗಿ

ಉತ್ತರ: 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಹರಿದು ಗೇಟೇ ಕೊಚ್ಚಿಹೋದದ್ದು ನಿಮಗೆ ನೆನಪಿದೆ. ಸಿಕ್ಕಿಕೊಂಡ ಗೇಟಾದರೆ ಹಿಡಿದು ಇಳಿಸಬಹುದು, ಇಲ್ಲದ ಗೇಟನ್ನು ಇಳಿಸುವುದು ಹೇಗೆ? ಸಿಎಂಎಲ್‌ನಲ್ಲಿ ಅತಿಯಾಗಿ ದುಡಿಯುವ ಒಂದು ಪ್ರೋಟೀನ್ ಇದೆ, ಮದ್ದು ಅದನ್ನು ಹಿಡಿಯುತ್ತದೆ. ಬಾಯಿ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕೆಟ್ಟಿರುವುದು ಟಿಪಿ53, ಸಿಡಿಕೆಎನ್2ಎ ಎಂಬ ಜೀನುಗಳು. ಇವು ಕೋಶವನ್ನು ನಿಲ್ಲಿಸುವ ಜೀನುಗಳು, ತಂಬಾಕಿನ ವಿಷಕ್ಕೆ ಹಾಳಾಗಿ ಹೋಗಿವೆ. ಇಲ್ಲದ್ದನ್ನು ತಡೆಯುವ ಗುಳಿಗೆ ಇಲ್ಲ. ಇಜಿಎಫ್‌ಆರ್ ಎಂಬ ಗ್ರಾಹಿ ಈ ಗಡ್ಡೆಗಳಲ್ಲಿ ಹೆಚ್ಚಿರುತ್ತದೆ ನಿಜ. ಅದನ್ನು ತಡೆಯುವ ಸೆಟುಕ್ಸಿಮ್ಯಾಬನ್ನು ಮರುಕಳಿಸಿದ ಅಥವಾ ಹರಡಿದ ರೋಗದಲ್ಲಿ ಕೀಮೋ ಜೊತೆ ಕೊಟ್ಟು ನೋಡಿದ 2008ರ ಅಧ್ಯಯನದಲ್ಲಿ ಸರಾಸರಿ ಆಯಸ್ಸು 7.4 ತಿಂಗಳಿನಿಂದ 10.1 ತಿಂಗಳಿಗೆ ಏರಿತು, ಅಷ್ಟೇ.

ಆದ್ದರಿಂದ ಆಪರೇಷನ್ ಮುಂದೂಡಬೇಡಿ. ಈ ಹಂತದಲ್ಲಿ ಗುಣ ಮಾಡುವ ಚಿಕಿತ್ಸೆ ಅದೇ. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಶನ್ (ನೀವು ಹೇಳುವ ಕರೆಂಟು) ಶುರುವಾಗಬೇಕು. ಹಾಳಾದ ಹಲ್ಲುಗಳಿದ್ದರೆ ರೇಡಿಯೇಶನ್ನಿಗೆ ಎರಡು ವಾರ ಮೊದಲೇ ಕೀಳಿಸಿ, ಆಮೇಲೆ ಕೀಳಿಸಿದರೆ ದವಡೆಯ ಮೂಳೆ ಮಾಯದೇ ಹೋಗಬಹುದು. ಗುಟ್ಕಾ ಇವತ್ತೇ ನಿಲ್ಲಲಿ.

ರೋಗ ಮರಳಿದವರಿಗೆ ಆಸರೆಯೊಂದಿದೆ, ಅದೂ ನಮ್ಮ ದೇಶದ್ದೇ. ಕ್ಯಾನ್ಸರ್ ಕೋಶವು ಪಿಡಿ-1 ಸಂಕೇತದ ಮೂಲಕ ರೋಗದ ವಿರುದ್ಧ ಹೋರಾಡುವ ನಮ್ಮ ಟಿ-ಕೋಶಗಳನ್ನು ಸುಮ್ಮನಿರಿಸುತ್ತದೆ, ನಿವೊಲುಮ್ಯಾಬ್ ಆ ಸಂಕೇತ ತಡೆಯುತ್ತದೆ. ಪೂರ್ಣ ಪ್ರಮಾಣ ಬಹಳ ದುಬಾರಿ. ಮುಂಬಯಿಯ ಟಾಟಾ ಮೆಮೋರಿಯಲ್ ವೈದ್ಯರು ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ಕೊಟ್ಟು, ಜೊತೆಗೆ ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್, ಎರ್ಲೋಟಿನಿಬ್ ಗುಳಿಗೆಗಳನ್ನು ನಡೆಸಿದಾಗ ಒಂದು ವರ್ಷ ಬದುಕಿದವರು, ಬರೀ ಗುಳಿಗೆಗಳನ್ನು ಪಡೆದವರಲ್ಲಿದ್ದ ಶೇ. 16.3ರಿಂದ 43.4ಕ್ಕೆ ಏರಿದರು. ಅಂಥ ಸಂದರ್ಭ ಬಂದರೆ ಈ ಕ್ರಮದ ಬಗ್ಗೆ ಕೇಳಿ.

ಪ್ರಶ್ನೆ: ಬೀಡಿ, ಸಿಗರೇಟು ಮುಟ್ಟದ ನಮ್ಮ ಚಿಕ್ಕಮ್ಮನಿಗೆ ಎದೆ ಎಕ್ಸ್‌ರೇಯಲ್ಲಿ ಕಲೆ ಇದೆ ಎಂದು ಟಿಬಿ ಗುಳಿಗೆ ಕೊಟ್ಟರು, ಕಫದಲ್ಲಿ ಟಿಬಿ ಸಿಕ್ಕಿರಲಿಲ್ಲ. ಈಗ ಬಯಾಪ್ಸಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್, 'ಇಜಿಎಫ್‌ಆರ್ ಎಕ್ಸಾನ್ 19 ಡಿಲೀಶನ್' ಬಂದಿದೆ. ಗೆಫಿಟಿನಿಬ್ ಬರೆದಿದ್ದಾರೆ. ಟಿಬಿ ಗುಳಿಗೆ ಇನ್ನೂ ನಡೆದಿದೆ.
— ರಾಯಚೂರು

ಉತ್ತರ: ಈ ವಾರವೇ ಎರಡೂ ಚೀಟಿಗಳನ್ನು ಕ್ಯಾನ್ಸರ್ ವೈದ್ಯರ ಮುಂದೆ ಒಟ್ಟಿಗೆ ಇಡಿ. ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ ಗೆಫಿಟಿನಿಬ್ಬನ್ನು ಬೇಗ ಕರಗಿಸುತ್ತದೆ. ಚಿಕ್ಕಮ್ಮ ದಿನಾ 250 ಮಿ.ಗ್ರಾಂ. ನುಂಗಿದರೂ ಗಡ್ಡೆಗೆ ತಲುಪುವುದು ಅರೆಬರೆ. ಸಿಬಿನ್ಯಾಟ್ (ಟಿಬಿ ರೋಗಾಣುವಿನ ಜೀನು ಹುಡುಕುವ ಪರೀಕ್ಷೆ), ಬಯಾಪ್ಸಿ ಎರಡರಲ್ಲೂ ಟಿಬಿ ಇಲ್ಲವೆಂದಾದರೆ ವೈದ್ಯರು ಅದನ್ನು ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರದಷ್ಟು ಕಾಲ ಅದರ ಪ್ರಭಾವ ಇರುತ್ತದೆ. ಟಿಬಿಯೂ ನಿಜವಾಗಿ ಇದ್ದರೆ ನೀವಾಗಿಯೇ ಏನನ್ನೂ ಬಿಡಬೇಡಿ, ಪ್ರಮಾಣ ಅಥವಾ ಮದ್ದು ಬದಲಿಸುವ ಕ್ರಮವಿದೆ.

ವರದಿಯಲ್ಲಿ ಬಂದಿರುವುದು ಕಾಯಿಲೆಯ ನಡುವೆಯೂ ಒಳ್ಳೆಯ ಸುದ್ದಿ. ಎಕ್ಸಾನ್ 19 ಡಿಲೀಶನ್ ಮತ್ತು ಎಲ್858ಆರ್ ಎಂಬ ಇಜಿಎಫ್‌ಆರ್ ಜೀನಿನ ಬದಲಾವಣೆಗಳಿರುವ ಗಡ್ಡೆಗಳು ಗೆಫಿಟಿನಿಬ್‌ನಂಥ ಗುಳಿಗೆಗಳಿಗೆ ಚೆನ್ನಾಗಿ ಕರಗುತ್ತವೆ ಎಂದು 2004ರಿಂದ ಗೊತ್ತಿದೆ. ಧೂಮಪಾನ ಮಾಡದ ಏಷ್ಯಾದ ಹೆಂಗಸರಲ್ಲಿ ಇವು ಹೆಚ್ಚು ಕಾಣುತ್ತವೆ.

ಗ್ಯಾಸ್ಟ್ರಿಕ್ಕಿಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಗೆಫಿಟಿನಿಬ್ ಸರಿಯಾಗಿ ಹೀರುವುದಿಲ್ಲ. ಮುಖ, ಎದೆಯ ಮೇಲೆ ಗುಳ್ಳೆ ಏಳುತ್ತವೆ, ಚರ್ಮಕ್ಕೂ ಇಜಿಎಫ್‌ಆರ್ ಸಂಕೇತವೇ ಆಧಾರ. ಮೊಡವೆ ಕ್ರೀಮು ಹಚ್ಚಿದರೆ ಚರ್ಮ ಒಣಗಿ ಒಡೆಯುತ್ತದೆ, ಬರೀ ಮಾಯಿಶ್ಚರೈಸರ್ ಹಚ್ಚಿ, ಬಿಸಿಲಿಗೆ ಸೆರಗು ಹೊದ್ದುಕೊಳ್ಳಲಿ. ಬೇಧಿಯಾದರೆ ಓಆರ್‌ಎಸ್, ಜೊತೆಗೆ ವೈದ್ಯರು ಹೇಳಿದ ಲೋಪೆರಮೈಡ್. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಒಣಕೆಮ್ಮು ಹೆಚ್ಚಿದರೆ ಆ ದಿನವೇ ಆಸ್ಪತ್ರೆಗೆ ಹೋಗಿ, ಶ್ವಾಸಕೋಶದ ಉರಿಯೂತ ಅಪರೂಪವಾದರೂ ಅಪಾಯದ್ದು.

ಹಲವು ತಿಂಗಳ ನಂತರ ಗಡ್ಡೆ ಮತ್ತೆ ಬೆಳೆದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾರಣ ಟಿ790ಎಂ ಎಂಬ ಹೊಸ ಬದಲಾವಣೆ. ಅದನ್ನು ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯಿಂದಲೇ ಮೊದಲು ಹುಡುಕಬಹುದು. ಸಿಕ್ಕರೆ ಓಸಿಮರ್ಟಿನಿಬ್ 80 ಮಿ.ಗ್ರಾಂ. ನಾಟುತ್ತದೆ. ರಕ್ತದಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ, ಆಗ ಬೆಳೆದ ಜಾಗದಿಂದ ಮತ್ತೊಮ್ಮೆ ಬಯಾಪ್ಸಿ ಮಾಡಿಸಿ.